ವೆಚ್ಚ ಕಡಿತದ ಮಾತುಕತೆಗೆ ಕೂರುವ ಮುನ್ನ: ವಿಮಾನದ ಕ್ಯಾಬಿನ್ ಸಿಬ್ಬಂದಿ ಸಂಘಕ್ಕೊಂದು ಕೈಪಿಡಿ

ಸಾಮಾನ್ಯವಾಗಿ ಅದು ಇಮೇಲ್ ರೂಪದಲ್ಲಿ ಬರುತ್ತದೆ. ಇಂಧನ ದುಬಾರಿಯಾಗಿದೆ, ಡಾಲರ್ ಏರಿದೆ, ಸಂಸ್ಥೆ ಸಂಕಷ್ಟದಲ್ಲಿದೆ, ನಾವೆಲ್ಲ ಒಂದೇ ಕುಟುಂಬವಾದ್ದರಿಂದ ಎಲ್ಲರೂ ಸ್ವಲ್ಪ ತ್ಯಾಗ ಮಾಡಬೇಕು ಎಂದು ಬರೆದಿರುತ್ತದೆ. ಕೊನೆಯ ಸಾಲಿನಲ್ಲಿ ಸಂಘದ ಪದಾಧಿಕಾರಿಗಳಿಗೆ ಮಾತುಕತೆಯ ಆಹ್ವಾನ. ರಾತ್ರಿ ಎರಡೂವರೆಗೆ ಎದ್ದು, ಕೂದಲು ಕಟ್ಟಿ, ಕ್ಯಾಬ್ ಹತ್ತಿ ದೇವನಹಳ್ಳಿಯ ದಾರಿ ಹಿಡಿದವರು ಮೊಬೈಲ್‌ನಲ್ಲಿ ಅದನ್ನು ಓದುತ್ತಾರೆ. ವಿಮಾನ ನಿಲ್ದಾಣ ತಲುಪುವಷ್ಟರಲ್ಲಿ ಗುಂಪಿನಲ್ಲಿ ಮುನ್ನೂರು ಸಂದೇಶಗಳು ಬಂದಿರುತ್ತವೆ. ಅರ್ಧ ಜನ ‘ಒಂದು ಪೈಸೆ ಬಿಡಬೇಡಿ’ ಎನ್ನುತ್ತಾರೆ, ಉಳಿದರ್ಧ ಜನ ‘ಕೆಲಸ ಉಳಿದರೆ ಸಾಕು, ಸಹಿ ಹಾಕಿಬಿಡಿ’ ಎನ್ನುತ್ತಾರೆ.

ನಾನು ಹನ್ನೊಂದು ವರ್ಷ ಕ್ಯಾಬಿನ್ ಸಿಬ್ಬಂದಿಯಾಗಿ ಹಾರಾಡಿದ್ದೇನೆ. ಅದರಲ್ಲಿ ನಾಲ್ಕು ವರ್ಷ ಸಂಘದ ಸಮಿತಿಯಲ್ಲಿದ್ದೆ. ಆ ಎರಡೂ ಉತ್ತರಗಳು ತಪ್ಪು ಎಂದು ನಂಬಿದ್ದೇನೆ. ಸಂಸ್ಥೆ ನಿಜವಾಗಿಯೂ ಮುಳುಗಬಹುದು. 2012ರ ಅಕ್ಟೋಬರ್‌ನಲ್ಲಿ ಬೆಂಗಳೂರಿನದೇ ಆದ ಕಿಂಗ್‌ಫಿಷರ್ ಏರ್‌ಲೈನ್ಸ್ ಹಾರಾಟ ನಿಲ್ಲಿಸಿದಾಗ ಸಿಬ್ಬಂದಿಗೆ ತಿಂಗಳುಗಳ ಸಂಬಳ ಬಾಕಿಯಿತ್ತು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್‌ಗೂ ಅದೇ ಗತಿ ಬಂತು. ಆದ್ದರಿಂದ ಉಳಿತಾಯದ ಮಾತೆತ್ತಿದ ಕೂಡಲೇ ಬಾಗಿಲು ಹಾಕಿಕೊಳ್ಳುವುದು ಸರಿಯಲ್ಲ. ಆದರೆ ಸಿಬ್ಬಂದಿ ಬಿಟ್ಟುಕೊಡುವ ಪ್ರತಿ ರೂಪಾಯಿಯೂ ಸಂಸ್ಥೆಗೆ ನಾವು ಕೊಡುವ ಕೈಗಡ. ಕೈಗಡ ಕೊಡುವವರು ಎಷ್ಟು, ಎಷ್ಟು ದಿನಕ್ಕೆ, ಹಿಂದಿರುಗಿಸುವುದು ಯಾವಾಗ ಎಂದು ಕೇಳಲೇಬೇಕು. ಇಲ್ಲವಾದರೆ ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆ ನಮ್ಮ ಪಾಲಿಗೆ ನಿಜವಾಗುತ್ತದೆ. ಮುಂದಿನ ಹೆಜ್ಜೆಗಳನ್ನೆಲ್ಲ ಈ ದೃಷ್ಟಿಯಿಂದಲೇ ಬರೆದಿದ್ದೇನೆ.

ಮೊದಲ ಹೆಜ್ಜೆ: ಉತ್ತರ ಕೊಡಬೇಡಿ, ಕಾಗದ ಕೇಳಿ

ಮೊದಲ ಸಭೆಯಲ್ಲಿ ಆಡಳಿತ ಮಂಡಳಿ ಪರದೆಯ ಮೇಲೆ ಚಿತ್ರಗಳನ್ನು ತೋರಿಸುತ್ತದೆ. ಕೆಂಪು ಗೆರೆ ಕೆಳಗಿಳಿಯುತ್ತಿರುತ್ತದೆ. ಅದನ್ನು ಗೌರವದಿಂದ ನೋಡಿ, ಬರೆದುಕೊಳ್ಳಿ, ಒಪ್ಪಿಗೆಯನ್ನಾಗಲಿ ವಿರೋಧವನ್ನಾಗಲಿ ಹೇಳದೆ ಎದ್ದು ಬನ್ನಿ. ಮರುದಿನವೇ ಲಿಖಿತವಾಗಿ ಇಷ್ಟನ್ನು ಕೇಳಿ: ಒಟ್ಟು ಉಳಿತಾಯದ ಗುರಿ ಎಷ್ಟು, ಅದರಲ್ಲಿ ಕ್ಯಾಬಿನ್ ಸಿಬ್ಬಂದಿಯ ಪಾಲು ಎಷ್ಟು, ಪೈಲಟ್‌ಗಳು, ಎಂಜಿನಿಯರ್‌ಗಳು, ನೆಲದ ಸಿಬ್ಬಂದಿ, ಉನ್ನತ ಅಧಿಕಾರಿಗಳ ಪಾಲು ಎಷ್ಟು, ಬಾಡಿಗೆಗೆ ವಿಮಾನ ಕೊಟ್ಟವರ ಜೊತೆ, ಹೋಟೆಲುಗಳ ಜೊತೆ, ಊಟ ಪೂರೈಸುವವರ ಜೊತೆ ಏನು ಮಾತುಕತೆ ನಡೆದಿದೆ, ಈ ಗುರಿ ಎಷ್ಟು ವರ್ಷದ್ದು.

ಉತ್ತರ ಬರುವವರೆಗೆ ನೀವೂ ಸುಮ್ಮನೆ ಕೂರಬೇಕಿಲ್ಲ. ಷೇರುಪೇಟೆಯಲ್ಲಿರುವ ಸಂಸ್ಥೆಯಾದರೆ ಮೂರು ತಿಂಗಳಿಗೊಮ್ಮೆ ಫಲಿತಾಂಶ ಪ್ರಕಟಿಸಲೇಬೇಕು. ಷೇರುಪೇಟೆಯಲ್ಲಿಲ್ಲದ ಕಂಪನಿಯ ವಾರ್ಷಿಕ ಲೆಕ್ಕಪತ್ರವನ್ನು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಶುಲ್ಕ ಕಟ್ಟಿ ಪಡೆಯಬಹುದು. ಪ್ರತಿ ಸಂಸ್ಥೆಯ ಆಸನಗಳು ಎಷ್ಟು ಭರ್ತಿಯಾದವು ಎಂಬ ಅಂಕಿಯನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ತಿಂಗಳು ತಿಂಗಳೂ ಕೊಡುತ್ತದೆ. ಲೆಕ್ಕಪತ್ರ ಓದಬಲ್ಲ ಒಬ್ಬ ಚಾರ್ಟರ್ಡ್ ಅಕೌಂಟೆಂಟ್‌ಗೆ ಸಂಘದ ನಿಧಿಯಿಂದ ಸಂಭಾವನೆ ಕೊಟ್ಟು ಎರಡು ದಿನ ಕೂರಿಸಿಕೊಳ್ಳಿ. ಸಂಘ ಮಾಡುವ ಖರ್ಚುಗಳಲ್ಲಿ ಇದರಷ್ಟು ಫಲ ಕೊಡುವುದು ಇನ್ನೊಂದಿಲ್ಲ.

ಆ ಲೆಕ್ಕ ನೋಡಿದಾಗ ಒಂದು ಸಂಗತಿ ಗಮನಕ್ಕೆ ಬರುತ್ತದೆ. ವಿಮಾನ ಸಂಸ್ಥೆಯ ದೊಡ್ಡ ಖರ್ಚು ಇಂಧನ, ಅದರ ನಂತರ ವಿಮಾನಗಳ ಬಾಡಿಗೆ ಮತ್ತು ದುರಸ್ತಿ. ಅಗ್ಗದ ದರದ ಸಂಸ್ಥೆಗಳಲ್ಲಿ ಕ್ಯಾಬಿನ್ ಸಿಬ್ಬಂದಿಯ ಸಂಬಳ ಒಟ್ಟು ವೆಚ್ಚದಲ್ಲಿ ಬಹಳ ಚಿಕ್ಕ ಭಾಗ. ಆದರೂ ಮೊದಲು ಕೈ ಹಾಕುವುದು ಅಲ್ಲಿಗೇ, ಏಕೆಂದರೆ ತೈಲ ಕಂಪನಿಯ ಜೊತೆ ಚೌಕಾಸಿ ಮಾಡುವುದಕ್ಕಿಂತ ಅದು ಸುಲಭ.

ಎರಡನೆಯ ಹೆಜ್ಜೆ: ಯಾರ ಪರವಾಗಿ ಮಾತನಾಡುತ್ತೀರಿ?

2025ರ ನವೆಂಬರ್ 21ರಿಂದ ನಮ್ಮಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಯಲ್ಲಿದೆ. ಹಳೆಯ 1947ರ ಕೈಗಾರಿಕಾ ವಿವಾದ ಕಾಯ್ದೆಯ ಜಾಗದಲ್ಲಿ ಬಂದದ್ದು ಇದೇ. ಹಲವು ಸಂಘಗಳಿರುವ ಕಡೆ, ಕಾರ್ಮಿಕರಲ್ಲಿ ಶೇ 51 ಅಥವಾ ಅದಕ್ಕಿಂತ ಹೆಚ್ಚು ಜನರ ಬೆಂಬಲವಿರುವ ಸಂಘವೇ ಮಾತುಕತೆಯ ಏಕೈಕ ಸಂಘ. ಅಷ್ಟು ಬೆಂಬಲ ಯಾರಿಗೂ ಇಲ್ಲದಿದ್ದರೆ ಕನಿಷ್ಠ ಶೇ 20 ಬೆಂಬಲವಿರುವ ಸಂಘಗಳ ಪ್ರತಿನಿಧಿಗಳು ಸೇರಿ ಮಾತುಕತೆ ಮಂಡಳಿ ಆಗುತ್ತದೆ. ಹಾಗಾಗಿ ಸದಸ್ಯತ್ವ ಪಟ್ಟಿಯನ್ನು ಈಗಲೇ ಸರಿಪಡಿಸಿಕೊಳ್ಳಿ. ರಾಜೀನಾಮೆ ಕೊಟ್ಟವರು, ಬಡ್ತಿ ಪಡೆದು ಆಡಳಿತ ವರ್ಗಕ್ಕೆ ಹೋದವರು, ಚಂದಾ ಬಾಕಿ ಇರುವವರು ಯಾರು ಎಂದು ಹೆಸರು ಹೆಸರಾಗಿ ನೋಡಿ. ಈ ಪಟ್ಟಿ ಮುಂದೆ ಇನ್ನೊಮ್ಮೆ ನಮ್ಮನ್ನು ಕಾಡಲಿದೆ.

ಇನ್ನೊಂದು ಎಚ್ಚರ. ಮೇಲ್ವಿಚಾರಣೆಯ ಕೆಲಸದಲ್ಲಿದ್ದು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವವರು ‘ಕಾರ್ಮಿಕ’ ಎಂಬ ವ್ಯಾಖ್ಯೆಯಿಂದ ಹೊರಗೆ ಉಳಿಯುತ್ತಾರೆ. ವಿಮಾನದಲ್ಲಿ ಹಿರಿಯ ಸಿಬ್ಬಂದಿಯನ್ನು ‘ಮೇಲ್ವಿಚಾರಕರು’ ಎಂದು ಕರೆದು ಸಂಘದಿಂದ ಬೇರೆ ಮಾಡುವ ಪ್ರಯತ್ನ ನಡೆಯಬಹುದು. ಇಲ್ಲಿ ಲೆಕ್ಕಕ್ಕೆ ಬರುವುದು ನೇಮಕಾತಿ ಪತ್ರದ ಪದನಾಮವಲ್ಲ, ಮಾಡುವ ಕೆಲಸ. ಆ ಹಿರಿಯ ಸದಸ್ಯೆಯೂ ಗ್ಯಾಲಿಯಲ್ಲಿ, ಅಂದರೆ ವಿಮಾನದ ಅಡುಗೆ ಮೂಲೆಯಲ್ಲಿ, ಊಟ ಬಿಸಿ ಮಾಡಿ, ಟ್ರಾಲಿ ತಳ್ಳಿ, ಬಾಗಿಲು ಮುಚ್ಚುವವಳೇ ಆದರೆ ಅದನ್ನು ದಾಖಲೆಯಲ್ಲಿ ಬರೆದಿಡಿ.

ಮೂರನೆಯ ಹೆಜ್ಜೆ: ನಮ್ಮ ಲೆಕ್ಕ ನಾವೇ ಹಾಕಬೇಕು

ಇಡೀ ಬರಹದಲ್ಲಿ ನಾನು ಹೆಚ್ಚು ಒತ್ತಿ ಹೇಳಬೇಕಾದ ಮಾತು ಇದು. ಆಡಳಿತ ಮಂಡಳಿಯ ಬಳಿ ಎಕ್ಸೆಲ್ ಹಾಳೆ ಇದ್ದು ನಮ್ಮ ಬಳಿ ಬರೀ ಕೋಪವಿದ್ದರೆ ಸೋಲುವವರು ನಾವೇ.

ಮೊದಲು ವೇತನ ಚೀಟಿಯಿಂದ ಶುರು ಮಾಡಿ. ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಒಬ್ಬ ಕಿರಿಯ ಸದಸ್ಯೆಗೆ ನಿಗದಿತ ವೇತನ 30,000 ರೂಪಾಯಿ, ಹಾರಾಟದ ಭತ್ಯೆ ಗಂಟೆಗೆ 300 ರೂಪಾಯಿ. ತಿಂಗಳಿಗೆ 75 ಗಂಟೆ ಹಾರಿದರೆ ಭತ್ಯೆ 22,500, ಒಟ್ಟು 52,500. ಆಡಳಿತ ಮಂಡಳಿ ‘ನಿಗದಿತ ವೇತನದಲ್ಲಿ ಕೇವಲ ಶೇ 10 ಕಡಿತ’ ಎನ್ನುತ್ತದೆ. ಅಂದರೆ 3,000 ರೂಪಾಯಿ, ನೋವಿನದಾದರೂ ತಾಳಬಹುದಾದ ಮೊತ್ತ. ಆದರೆ ಅದೇ ಪ್ರಸ್ತಾವದ ನಾಲ್ಕನೇ ಪುಟದಲ್ಲಿ ‘ಖಾತರಿ ಹಾರಾಟದ ಅವಧಿ 75ರಿಂದ 40 ಗಂಟೆಗೆ ಪರಿಷ್ಕರಣೆ’ ಎಂಬ ಒಂದು ಸಾಲು ಇರುತ್ತದೆ. ಖಾತರಿ ಅವಧಿಯೆಂದರೆ, ಹಾರಾಟ ಕಡಿಮೆಯಾದರೂ ಭತ್ಯೆ ಕೊಡಲೇಬೇಕಾದ ಗಂಟೆಗಳು. ವಿಮಾನಗಳು ಕಡಿಮೆಯಾದ ತಿಂಗಳಲ್ಲಿ ಆ ಸಾಲಿನ ಬೆಲೆ 35 ಗಂಟೆಗೆ 10,500 ರೂಪಾಯಿ. ಎರಡೂ ಸೇರಿದರೆ 13,500, ಅಂದರೆ ಒಟ್ಟು ಆದಾಯದ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು. ಭಾಷಣದಲ್ಲಿ ಹೇಳಿದ್ದು ಹತ್ತು, ಮನೆಗೆ ಬರುವುದರಲ್ಲಿ ಕಡಿಮೆಯಾಗುವುದು ಇಪ್ಪತ್ತಾರು ಪ್ರತಿಶತ. ಹೊಸಬರು, ಐದು ವರ್ಷದವರು, ಹದಿನೈದು ವರ್ಷದವರು ಎಂದು ಕನಿಷ್ಠ ಮೂರು ವೇತನ ಚೀಟಿಗಳನ್ನು ಹೆಸರು ಮುಚ್ಚಿ ಎದುರಿಗಿಟ್ಟುಕೊಂಡು ಪ್ರತಿ ಪ್ರಸ್ತಾವವನ್ನೂ ಹೀಗೆ ಹಾಯಿಸಿ ನೋಡಿ.

ಭತ್ಯೆ ಮತ್ತು ಮೂಲವೇತನದ ಅನುಪಾತಕ್ಕೂ ಕಣ್ಣಿಡಿ. ಹೊಸ ವೇತನ ಸಂಹಿತೆಯಲ್ಲಿ, ವೇತನದ ಲೆಕ್ಕದಿಂದ ಹೊರಗಿಟ್ಟ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧ ಮೀರಿದರೆ, ಮೀರಿದ ಭಾಗವನ್ನು ವೇತನವೆಂದೇ ಎಣಿಸಬೇಕು. ಗ್ರಾಚ್ಯುಟಿ ಲೆಕ್ಕಕ್ಕೆ ಇದು ನೇರವಾಗಿ ತಾಗುತ್ತದೆ.

ಆಮೇಲೆ ಎದುರು ಪ್ರಸ್ತಾವಕ್ಕೆ ಸಾಮಗ್ರಿ ಕೂಡಿಸಿ. ಸಂಸ್ಥೆಯ ಹಣ ಎಲ್ಲಿ ಸೋರುತ್ತಿದೆ ಎಂಬುದು ಕಚೇರಿಯವರಿಗಿಂತ ಕ್ಯಾಬಿನ್‌ನಲ್ಲಿ ಓಡಾಡುವವರಿಗೆ ಚೆನ್ನಾಗಿ ಗೊತ್ತು. ತೆರೆಯದೆ ಕಸಕ್ಕೆ ಹೋಗುವ ಊಟದ ಪೊಟ್ಟಣಗಳು, ಯಾರೂ ಮುಟ್ಟದ ಮಾರಾಟದ ಸಾಮಾನು ಹೊತ್ತು ದಿನವಿಡೀ ಹಾರುವ ಟ್ರಾಲಿ, ಬೇಕಾದುದಕ್ಕಿಂತ ಹೆಚ್ಚು ತುಂಬಿದ ಕುಡಿಯುವ ನೀರು, ಇವೆಲ್ಲ ತೂಕ, ತೂಕವೆಂದರೆ ಇಂಧನ. ಅದಕ್ಕಿಂತ ದೊಡ್ಡದು ರೋಸ್ಟರ್, ಅಂದರೆ ಯಾರು ಯಾವಾಗ ಯಾವ ವಿಮಾನದಲ್ಲಿ ಹೋಗಬೇಕೆಂಬ ಕೆಲಸದ ಪಟ್ಟಿ. ಬೆಂಗಳೂರಿನ ಸಿಬ್ಬಂದಿಯನ್ನು ಪ್ರಯಾಣಿಕರ ಆಸನದಲ್ಲಿ ದೆಹಲಿಗೆ ಕಳುಹಿಸಿ ಅಲ್ಲಿಂದ ಕೆಲಸ ಶುರು ಮಾಡಿಸುವುದು, ಅದೇ ಹೊತ್ತಿಗೆ ದೆಹಲಿಯವರನ್ನು ಬೆಂಗಳೂರಿಗೆ ತರುವುದು. ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತಹ ಈ ಓಡಾಟವನ್ನು ನಮ್ಮ ಸಮಿತಿ ಒಮ್ಮೆ ಒಂದು ತಿಂಗಳ ರೋಸ್ಟರ್ ಮೇಲೆ ಬಣ್ಣದ ಪೆನ್ಸಿಲ್‌ನಿಂದ ಗುರುತು ಹಾಕಿತ್ತು. ಹಾಳೆ ಪೂರ್ತಿ ಹಸಿರಾಯಿತು. ಆ ಹಾಳೆಯನ್ನು ಮೇಜಿನ ಮೇಲೆ ಹರಡಿದ ದಿನ ಎದುರುಗಡೆಯವರು ಮೊದಲ ಬಾರಿಗೆ ನಮ್ಮ ಮಾತಿಗೆ ಟಿಪ್ಪಣಿ ಬರೆದುಕೊಂಡರು.

ಹೋಟೆಲ್ ಖರ್ಚಿನ ವಿಷಯದಲ್ಲೂ ಇದೇ ದಾರಿ. 2024ರ ಕೊನೆಯಲ್ಲಿ ಏರ್ ಇಂಡಿಯಾ ತನ್ನ ಬಹುಪಾಲು ಕ್ಯಾಬಿನ್ ಸಿಬ್ಬಂದಿ ಹೋಟೆಲ್ ಕೊಠಡಿ ಹಂಚಿಕೊಳ್ಳಬೇಕೆಂದಾಗ ಸಿಬ್ಬಂದಿ ಸಂಘ ಕಾರ್ಮಿಕ ಸಚಿವಾಲಯದ ಮೊರೆ ಹೋಯಿತು. ಇಂಥ ಪ್ರಸ್ತಾವ ನಿಮ್ಮ ಮುಂದೆ ಬಂದರೆ ‘ಆಗುವುದಿಲ್ಲ’ ಎಂದಷ್ಟೇ ಹೇಳಬೇಡಿ. ಮತ್ತೊಂದು ಕಲ್ಪಿತ ಲೆಕ್ಕ: ದಿನಕ್ಕೆ 40 ಕೊಠಡಿ, ಕೊಠಡಿಗೆ 4,000 ರೂಪಾಯಿಯಾದರೆ ವರ್ಷಕ್ಕೆ 5.84 ಕೋಟಿ. ರೋಸ್ಟರ್ ಸರಿಪಡಿಸಿ ಅನಗತ್ಯ ತಂಗುವಿಕೆಯಲ್ಲಿ ಹತ್ತರಲ್ಲಿ ಒಂದನ್ನು ತಪ್ಪಿಸಿದರೆ 58 ಲಕ್ಷ ಉಳಿಯುತ್ತದೆ, ಯಾರ ನಿದ್ದೆಯೂ ಕೆಡುವುದಿಲ್ಲ. ಒಬ್ಬಳು ರಾತ್ರಿ ಎರಡಕ್ಕೆ ಬಂದು ದೀಪ ಹಾಕುತ್ತಾಳೆ, ಇನ್ನೊಬ್ಬಳು ನಾಲ್ಕಕ್ಕೆ ಅಲಾರಂ ಇಟ್ಟು ಮಲಗಿರುತ್ತಾಳೆ. ಇಬ್ಬರೂ ಮರುದಿನ ನೂರೆಂಬತ್ತು ಜನರ ಸುರಕ್ಷತೆಗೆ ಹೊಣೆ. ಈ ಚಿತ್ರವನ್ನೂ ಲೆಕ್ಕದ ಪಕ್ಕದಲ್ಲೇ ಇಡಿ.

ಎರಡೂ ಕಡೆಯ ಲೆಕ್ಕ ಹೊಂದದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟಿಷ್ ಏರ್‌ವೇಸ್ ಸಾಕ್ಷಿ. 2009ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಅದು 40.1 ಕೋಟಿ ಪೌಂಡ್ ನಷ್ಟ ತೋರಿಸಿತ್ತು. ಮುಖ್ಯಸ್ಥ ವಿಲ್ಲಿ ವಾಲ್ಶ್ ತಾನೂ ಒಂದು ತಿಂಗಳ ಸಂಬಳ ಬಿಟ್ಟು, ನೌಕರರಿಗೂ ಸಂಬಳವಿಲ್ಲದೆ ಕೆಲಸ ಮಾಡಲು ಕರೆ ಕೊಟ್ಟಿದ್ದರು. ಯುನೈಟ್ ಎಂಬ ಸಂಘ ತನ್ನದೇ ಉಳಿತಾಯದ ಪ್ರಸ್ತಾವ ಮುಂದಿಟ್ಟಿತು. ಆದರೆ ಅದರ ಬೆಲೆ ಎಷ್ಟು ಎಂಬಲ್ಲಿ ಸಂಘಕ್ಕೂ ಆಡಳಿತಕ್ಕೂ ಹೊಂದಲೇ ಇಲ್ಲ. ಕೊನೆಗೆ 2009ರ ನವೆಂಬರ್ 16ರಿಂದ ಹೀಥ್ರೂವಿನ ದೂರಪ್ರಯಾಣದ ವಿಮಾನಗಳಲ್ಲಿ ಸಿಬ್ಬಂದಿಯನ್ನು 15ರಿಂದ 14ಕ್ಕೆ ಇಳಿಸುವುದನ್ನು ಆಡಳಿತ ಏಕಪಕ್ಷೀಯವಾಗಿ ಜಾರಿಗೊಳಿಸಿತು. ಪಾಠ ಸರಳ: ಮೊದಲ ಸಭೆಯಲ್ಲೇ, ಅಂಕಿಗಳನ್ನು ಪರಿಶೀಲಿಸುವ ಸ್ವತಂತ್ರ ಲೆಕ್ಕಿಗರು ಯಾರು, ಅವರು ಯಾವ ವಿಧಾನ ಬಳಸಬೇಕು ಎಂದು ಎರಡೂ ಕಡೆ ಒಪ್ಪಿ ಬರೆದುಕೊಳ್ಳಿ. ಜಗಳ ಬಂದ ಮೇಲೆ ತಕ್ಕಡಿ ಹುಡುಕಬಾರದು.

ನಾಲ್ಕನೆಯ ಹೆಜ್ಜೆ: ಮಾರಾಟಕ್ಕಿಲ್ಲದ್ದು ಯಾವುದು ಎಂದು ಮೊದಲೇ ತೀರ್ಮಾನಿಸಿ

ನಮ್ಮ ನಿಯಮದ ಪ್ರಕಾರ ಪ್ರತಿ 50 ಆಸನಕ್ಕೆ ಒಬ್ಬ ಕ್ಯಾಬಿನ್ ಸಿಬ್ಬಂದಿ ಇರಬೇಕು. 180 ಆಸನದ ಏರ್‌ಬಸ್ 320ರಲ್ಲಿ ನಾಲ್ವರು. ಅಗ್ಗದ ದರದ ಸಂಸ್ಥೆಗಳು ಆ ನಾಲ್ವರಿಂದಲೇ ಹಾರಿಸುತ್ತಿವೆ, ಅಲ್ಲಿ ಕಡಿಮೆ ಮಾಡಲು ಏನೂ ಉಳಿದಿಲ್ಲ. ಬ್ರಿಟಿಷ್ ಏರ್‌ವೇಸ್‌ನ ದೊಡ್ಡ ಬೋಯಿಂಗ್ 747 ವಿಮಾನದಲ್ಲಿ ಕನಿಷ್ಠಕ್ಕಿಂತ ಹೆಚ್ಚು ಜನ ಇದ್ದುದರಿಂದಲೇ 15ನೆಯವರ ಪ್ರಶ್ನೆ ಬಂದದ್ದು. ನಮ್ಮಲ್ಲಿ ಕತ್ತರಿ ಬೀಳುವುದು ವಿಶ್ರಾಂತಿ, ಸ್ಟ್ಯಾಂಡ್‌ಬೈ (ಕರೆ ಬಂದರೆ ಹೊರಡಲು ಸಿದ್ಧವಾಗಿರುವ ಅವಧಿ), ತಂಗುವ ಸ್ಥಳ ಮತ್ತು ಭತ್ಯೆಗಳ ಮೇಲೆ. ಡಿಜಿಸಿಎ ನಿಗದಿಪಡಿಸಿದ ವಿಶ್ರಾಂತಿ ಮತ್ತು ಕರ್ತವ್ಯದ ಮಿತಿ, ಹೆರಿಗೆ ರಜೆ ಮತ್ತು ಗರ್ಭಿಣಿಯರಿಗೆ ನೆಲದ ಕೆಲಸ, ಭವಿಷ್ಯ ನಿಧಿ, ರಾತ್ರಿ ಮನೆಯಿಂದ ವಿಮಾನ ನಿಲ್ದಾಣಕ್ಕೆ ವಾಹನ: ಇವು ಮಾತುಕತೆಯ ಮೇಜಿಗೇ ಬರಬಾರದು.

ಕೊನೆಯದನ್ನು ನಾನು ಸುಮ್ಮನೆ ಸೇರಿಸಿಲ್ಲ. ಒಮ್ಮೆ ನಮ್ಮ ಸಮಿತಿ, ಸಂಸ್ಥೆಯ ಕಷ್ಟಕಾಲವೆಂದು ನಂಬಿ, ಒಬ್ಬೊಬ್ಬರಿಗೆ ಬರುತ್ತಿದ್ದ ಕ್ಯಾಬನ್ನು ಮೂವರಿಗೆ ಒಂದು ಎಂದು ಒಪ್ಪಿಕೊಂಡಿತು. ಒಪ್ಪಂದದಲ್ಲಿ ಕೊನೆಯ ದಿನಾಂಕ ಬರೆಸಲಿಲ್ಲ. ಎರಡು ವರ್ಷದ ನಂತರ ಸಂಸ್ಥೆ ಲಾಭಕ್ಕೆ ಬಂತು, ಹೊಸ ವಿಮಾನಗಳು ಬಂದವು, ಕ್ಯಾಬ್ ಮಾತ್ರ ಮರಳಲಿಲ್ಲ. ಆಗಷ್ಟೇ ಸೇರಿದ್ದ ಹುಡುಗಿಯೊಬ್ಬಳು ಯಲಹಂಕದ ಒಂದು ಅಡ್ಡರಸ್ತೆಯ ತುದಿಯಲ್ಲಿ, ಸಮವಸ್ತ್ರದ ಮೇಲೆ ಸ್ವೆಟರ್ ಹಾಕಿಕೊಂಡು, ಉಳಿದಿಬ್ಬರನ್ನು ಹತ್ತಿಸಿಕೊಂಡು ಬರುವ ವಾಹನಕ್ಕಾಗಿ ರಾತ್ರಿ ಎರಡೂವರೆಯಲ್ಲಿ ನಲವತ್ತು ನಿಮಿಷ ನಿಂತಿದ್ದಳು. ಪಕ್ಕದಲ್ಲಿ ನಾಯಿಗಳ ಹಿಂಡು. ‘ಅಕ್ಕಾ, ಇದಕ್ಕೆ ಸಹಿ ಹಾಕಿದ್ದು ಯಾರು?’ ಎಂದು ಆಮೇಲೆ ನನ್ನನ್ನು ಕೇಳಿದಳು. ಸಹಿಗಳಲ್ಲಿ ನನ್ನದೂ ಒಂದಿತ್ತು.

ಐದನೆಯ ಹೆಜ್ಜೆ: ಕೈಗಡದ ಪತ್ರ

ಈಗ ಏನನ್ನು ಬಿಟ್ಟುಕೊಡಬಹುದು ಎಂದು ತೀರ್ಮಾನವಾಗಿದೆ ಎನ್ನೋಣ. ಪ್ರತಿ ರಿಯಾಯಿತಿಯ ಎದುರಿಗೆ ನಾಲ್ಕು ವಿಷಯಗಳು ಬರೆದಿರಲೇಬೇಕು: ಮುಗಿಯುವ ದಿನಾಂಕ, ಮರಳಿಸುವ ಕ್ರಮ, ಅದಕ್ಕೆ ಪ್ರತಿಯಾಗಿ ಸಿಬ್ಬಂದಿಗೆ ಸಿಗುವ ಭದ್ರತೆ ಮತ್ತು ಮೇಲಿನವರ ಪಾಲು.

ದಿನಾಂಕ ಮತ್ತು ಭದ್ರತೆ ಎರಡನ್ನೂ ಬರೆಸಿದ ಒಪ್ಪಂದಕ್ಕೆ ಜರ್ಮನಿಯ ಉದಾಹರಣೆ ಇದೆ. ಕೋವಿಡ್ ಕಾಲದಲ್ಲಿ, 2020ರ ಜೂನ್‌ನಲ್ಲಿ, ಲುಫ್ತಾನ್ಸಾ ಮತ್ತು ಕ್ಯಾಬಿನ್ ಸಿಬ್ಬಂದಿಯ ಸಂಘ ಯುಎಫ್‌ಒ ಒಪ್ಪಂದಕ್ಕೆ ಬಂದವು. 2023ರ ಅಂತ್ಯದವರೆಗೆ 50 ಕೋಟಿ ಯೂರೊಗೂ ಹೆಚ್ಚಿನ ಉಳಿತಾಯವನ್ನು ಸಿಬ್ಬಂದಿ ಒಪ್ಪಿಕೊಂಡರು. ವೇತನ ಏರಿಕೆಗೆ ತಡೆ, ಕಡಿಮೆ ಹಾರಾಟ ಮತ್ತು ಅದಕ್ಕೆ ತಕ್ಕ ಕಡಿಮೆ ಸಂಬಳ, ಪಿಂಚಣಿ ವಂತಿಗೆಯಲ್ಲಿ ತಾತ್ಕಾಲಿಕ ಇಳಿಕೆ. ಬದಲಿಗೆ ಸುಮಾರು 22,000 ಕ್ಯಾಬಿನ್ ಸಿಬ್ಬಂದಿಗೆ ನಾಲ್ಕು ವರ್ಷ ಕೆಲಸದಿಂದ ತೆಗೆಯುವುದಿಲ್ಲವೆಂಬ ರಕ್ಷಣೆ ಸಿಕ್ಕಿತು. ಕೊಟ್ಟದ್ದು ದೊಡ್ಡದೇ, ಆದರೆ ಎಷ್ಟು ದಿನಕ್ಕೆ, ಯಾವುದಕ್ಕೆ ಪ್ರತಿಯಾಗಿ ಎಂಬುದು ಸ್ಪಷ್ಟವಿತ್ತು.

ಮೇಲಿನವರ ಪಾಲು ಬರೆಸದಿದ್ದರೆ ಏನಾಗುತ್ತದೆ? 2003ರಲ್ಲಿ ದಿವಾಳಿಯ ಅಂಚಿನಲ್ಲಿದ್ದ ಅಮೆರಿಕನ್ ಏರ್‌ಲೈನ್ಸ್ ತನ್ನ ನೌಕರರಿಂದ ವರ್ಷಕ್ಕೆ 180 ಕೋಟಿ ಡಾಲರ್ ಉಳಿತಾಯ ಕೇಳಿತು. ಅದರಲ್ಲಿ ವಿಮಾನ ಪರಿಚಾರಕರ ಪಾಲು 34 ಕೋಟಿ ಡಾಲರ್. ಪರಿಚಾರಕರು ಮೊದಲ ಎಣಿಕೆಯಲ್ಲಿ ತಿರಸ್ಕರಿಸಿದರು. ಮತದಾನವನ್ನು ಒಂದು ದಿನ ವಿಸ್ತರಿಸಿದಾಗ ಸಣ್ಣ ಅಂತರದಿಂದ ಒಪ್ಪಿದರು. ಅದೇ ಹೊತ್ತಿಗೆ ಗೊತ್ತಾದದ್ದೇನೆಂದರೆ, ಉನ್ನತ ಅಧಿಕಾರಿಗಳಿಗೆ ಸಂಸ್ಥೆಯಲ್ಲೇ ಉಳಿಯಲು ಬೋನಸ್ ಮತ್ತು 45 ಅಧಿಕಾರಿಗಳ ಪಿಂಚಣಿಗೆ ದಿವಾಳಿಯಾದರೂ ಮುಟ್ಟಲಾಗದ ಪ್ರತ್ಯೇಕ ನಿಧಿ ಏರ್ಪಾಡಾಗಿತ್ತು. ಆಕ್ರೋಶ ಭುಗಿಲೆದ್ದು ಬೋನಸ್ ರದ್ದಾಯಿತು, ಏಪ್ರಿಲ್ 24ರಂದು ಮುಖ್ಯಸ್ಥ ಡಾನ್ ಕಾರ್ಟಿ ರಾಜೀನಾಮೆ ಕೊಟ್ಟರು. ಆದ್ದರಿಂದ ಸಹಿಗೆ ಮುನ್ನವೇ ಒಂದು ಷರತ್ತು ಬರೆಸಿ: ರಿಯಾಯಿತಿ ಜಾರಿಯಲ್ಲಿರುವಷ್ಟು ಕಾಲ ಉನ್ನತ ಅಧಿಕಾರಿಗಳಿಗೆ ಬೋನಸ್ ಇಲ್ಲ, ಈಗಾಗಲೇ ಕೊಟ್ಟಿರುವ ವಿಶೇಷ ಸವಲತ್ತುಗಳ ಪೂರ್ಣ ವಿವರ ಸಂಘಕ್ಕೆ ಕೊಡಬೇಕು, ಮುಚ್ಚಿಟ್ಟದ್ದು ಗೊತ್ತಾದರೆ ಒಪ್ಪಂದ ರದ್ದು.

ಹೊಸಬರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ‘ಈಗಿರುವವರ ಸಂಬಳ ಮುಟ್ಟುವುದಿಲ್ಲ, ಮುಂದೆ ಸೇರುವವರಿಗೆ ಮಾತ್ರ ಕಡಿಮೆ’ ಎಂಬ ಪ್ರಸ್ತಾವ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನವಿರಾಗಿ ಬರುತ್ತದೆ. ಬ್ರಿಟಿಷ್ ಏರ್‌ವೇಸ್ 2010ರಲ್ಲಿ ‘ಮಿಕ್ಸ್ಡ್ ಫ್ಲೀಟ್’ ಎಂಬ ಹೊಸ ಸಿಬ್ಬಂದಿ ಪಡೆಯನ್ನು ಕಡಿಮೆ ವೇತನಕ್ಕೆ ಕಟ್ಟಿತು. ಕೆಲವೇ ವರ್ಷಗಳಲ್ಲಿ, 2017ರಲ್ಲಿ, ಅದೇ ಪಡೆಯವರು ವೇತನ ಸಾಲದೆಂದು ಮುಷ್ಕರ ಹೂಡಬೇಕಾಯಿತು. ಇಂದು ಮತ ಹಾಕಲು ಇಲ್ಲಿ ಇಲ್ಲದವರ ಅನ್ನವನ್ನು ನಾವು ಮಾರಬಾರದು.

ಆರನೆಯ ಹೆಜ್ಜೆ: ಮೇಜಿನ ಎದುರು

ಇದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಐದಾರು ಜನರಿಗಿಂತ ಹೆಚ್ಚು ಹೋಗಬೇಡಿ. ಒಬ್ಬರು ಮಾತನಾಡಲಿ, ಒಬ್ಬರು ಬರೆದುಕೊಳ್ಳಲಿ. ಕೇಳಿದ ಹೊಸ ಅಂಕಿಗೆ ಅಲ್ಲೇ ಉತ್ತರ ಕೊಡದೆ ಬಿಡುವು ಕೇಳಿ ಹೊರಗೆ ಬಂದು ಚರ್ಚಿಸಿ. ಪ್ರತಿ ಸಭೆಯ ನಡಾವಳಿಯನ್ನು ಅದೇ ಸಂಜೆ ಎರಡೂ ಕಡೆಗೆ ಕಳುಹಿಸಿ. ರಾತ್ರಿ ಹಾರಾಟ ಮುಗಿಸಿ ಬಂದವರನ್ನು ನೇರವಾಗಿ ಮಾತುಕತೆಗೆ ಕೂರಿಸಬೇಡಿ. ನಿದ್ದೆಗೆಟ್ಟವರು ಬೇಗ ಒಪ್ಪುತ್ತಾರೆ ಎಂಬುದು ಎದುರಿನವರಿಗೂ ಗೊತ್ತು. ಸದಸ್ಯರ ಗುಂಪಿಗೆ ಒಳಗಿನ ಮಾತನ್ನು ಸಾಲು ಸಾಲಾಗಿ ಸೋರಿಸಬೇಡಿ, ಆದರೆ ವಾರಕ್ಕೊಮ್ಮೆ ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಚಿಕ್ಕ ವರದಿ ಕೊಡಿ. ಸುದ್ದಿಯಿಲ್ಲದ ಜಾಗವನ್ನು ಗಾಳಿಮಾತು ತುಂಬುತ್ತದೆ.

ಏಳನೆಯ ಹೆಜ್ಜೆ: ಮಾತು ಮುರಿದರೆ

ವಿಮಾನಯಾನ ಕೇಂದ್ರ ಸರ್ಕಾರದ ವ್ಯಾಪ್ತಿಯದು. ಹಾಗಾಗಿ ನೀವು ಹೋಗಬೇಕಾದದ್ದು ರಾಜ್ಯದ ಕಾರ್ಮಿಕ ಇಲಾಖೆಗಲ್ಲ, ಕೇಂದ್ರದ ಕಾರ್ಮಿಕ ಆಯುಕ್ತರ ಬಳಿಗೆ. ಬೆಂಗಳೂರಿನಲ್ಲೂ ಅವರ ಕಚೇರಿ ಇದೆ. ವೇತನ, ಭತ್ಯೆ, ಕೆಲಸದ ಅವಧಿ ಮುಂತಾದ ಸೇವಾ ಷರತ್ತುಗಳನ್ನು ಬದಲಿಸುವ ಮುನ್ನ ಮಾಲೀಕರು 21 ದಿನಗಳ ನೋಟಿಸ್ ಕೊಡಬೇಕು. ನೋಟಿಸ್ ಇಲ್ಲದೆ ರೋಸ್ಟರ್ ನಿಯಮ ಅಥವಾ ಭತ್ಯೆ ಬದಲಾದರೆ ತಡಮಾಡದೆ ಲಿಖಿತ ದೂರು ಕೊಡಿ. ಸರ್ಕಾರದ ಸಂಧಾನಾಧಿಕಾರಿಯ ಎದುರು ಸಂಧಾನ ಶುರುವಾದ ಮೇಲೆ, ಅದು ಮುಗಿಯುವವರೆಗೆ, ವಿವಾದದ ವಿಷಯದಲ್ಲಿ ಸೇವಾ ಷರತ್ತನ್ನು ಸಿಬ್ಬಂದಿಗೆ ತೊಂದರೆಯಾಗುವಂತೆ ಬದಲಿಸುವಂತಿಲ್ಲ. ಈ ರಕ್ಷಣೆಯನ್ನು ನಮ್ಮವರು ಬಳಸಿಕೊಳ್ಳುವುದು ತೀರಾ ಕಡಿಮೆ.

ಮುಷ್ಕರ ಕೊನೆಯ ಅಸ್ತ್ರ. ಹೊಸ ಸಂಹಿತೆಯಲ್ಲಿ ಅದಕ್ಕೆ 14 ದಿನ ಮುಂಚಿತವಾಗಿ ನೋಟಿಸ್ ಬೇಕು. ಸಂಧಾನ ನಡೆಯುತ್ತಿರುವಾಗ ಮತ್ತು ಮುಗಿದ 7 ದಿನಗಳವರೆಗೆ ನಿಷೇಧ. ಶೇ 50 ಅಥವಾ ಅದಕ್ಕೂ ಹೆಚ್ಚು ಜನ ಒಂದೇ ದಿನ ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೆ ಅದನ್ನೂ ಮುಷ್ಕರವೆಂದೇ ಎಣಿಸುತ್ತದೆ. 2024ರ ಮೇ ತಿಂಗಳನ್ನು ನೆನಪಿಸಿಕೊಳ್ಳಿ. ಮಂಗಳೂರಿನಿಂದ ಕೊಲ್ಲಿ ದೇಶಗಳಿಗೆ ಹೋಗಿ ಬರುವ ನಮ್ಮ ಕರಾವಳಿಯವರಿಗೆ ಚಿರಪರಿಚಿತವಾದ ಏರ್ ಇಂಡಿಯಾ ಎಕ್ಸ್‌ಪ್ರೆಸ್, ಬೆಂಗಳೂರಿನಲ್ಲಿ ನೆಲೆಯಿದ್ದ ಹಿಂದಿನ ಏರ್‌ಏಷ್ಯಾ ಇಂಡಿಯಾದ ಜೊತೆ ವಿಲೀನವಾಗುತ್ತಿದ್ದ ಕಾಲ. ಸಂಬಳದ ಸ್ವರೂಪ ಮತ್ತು ಸಿಬ್ಬಂದಿಯನ್ನು ನಡೆಸಿಕೊಳ್ಳುವ ರೀತಿಯ ಬಗ್ಗೆ ಅಸಮಾಧಾನ ಹೊಗೆಯಾಡುತ್ತಿತ್ತು. ಮೇ 7ರ ರಾತ್ರಿಯಿಂದ ನೂರಕ್ಕೂ ಹೆಚ್ಚು ಕ್ಯಾಬಿನ್ ಸಿಬ್ಬಂದಿ ಅನಾರೋಗ್ಯವೆಂದು ತಿಳಿಸಿ ಕೆಲಸಕ್ಕೆ ಬರಲಿಲ್ಲ. ನೂರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಸಂಸ್ಥೆ 25 ಜನರನ್ನು ವಜಾ ಮಾಡಿತು. ಮೇ 9ರಂದು ದೆಹಲಿಯಲ್ಲಿ ಮುಖ್ಯ ಕಾರ್ಮಿಕ ಆಯುಕ್ತರ ಎದುರು ಎರಡೂ ಕಡೆ ಕೂತಾಗ ವಜಾ ಹಿಂತೆಗೆದುಕೊಳ್ಳಲು ಸಂಸ್ಥೆ ಒಪ್ಪಿತು, ಸಿಬ್ಬಂದಿ ಕೆಲಸಕ್ಕೆ ಮರಳಲು ಒಪ್ಪಿದರು. ಆ ಮೇಜು ಮೊದಲೇ ಇತ್ತು. ಅಲ್ಲಿಗೆ ತಲುಪಲು ಸಾವಿರಾರು ಪ್ರಯಾಣಿಕರೂ 25 ಕುಟುಂಬಗಳೂ ಎರಡು ದಿನ ನರಳಬೇಕಾಯಿತು. ನೋಟಿಸ್ ಕೊಟ್ಟು, ಸಂಧಾನ ಕೇಳಿ, ದಾರಿಯಲ್ಲೇ ನಡೆಯಿರಿ. ರಜೆಯ ಹೆಸರಿನ ಮುಷ್ಕರದಿಂದ ಒಬ್ಬೊಬ್ಬರಾಗಿ ಸಿಕ್ಕಿಬೀಳುವವರು ಸದಸ್ಯರು.

ಹಾಗೆಂದು ಮುಷ್ಕರವನ್ನು ಕೈಬಿಡಿ ಎನ್ನುತ್ತಿಲ್ಲ. ಅದರ ತಯಾರಿಯಲ್ಲಿ ಒಂದು ಅಕ್ಷರವೂ ತಪ್ಪಬಾರದು ಎನ್ನುತ್ತೇನೆ. 2009ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಏರ್‌ವೇಸ್‌ನ ಕ್ಯಾಬಿನ್ ಸಿಬ್ಬಂದಿ ಶೇ 92ಕ್ಕೂ ಹೆಚ್ಚು ಬಹುಮತದಿಂದ, ಕ್ರಿಸ್‌ಮಸ್ ಕಾಲದ 12 ದಿನಗಳ ಮುಷ್ಕರಕ್ಕೆ ಮತ ಹಾಕಿದರು. ಡಿಸೆಂಬರ್ 17ರಂದು ಲಂಡನ್‌ನ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಕಾರಣ, ಸ್ವಯಂ ನಿವೃತ್ತಿ ಪಡೆದು ಹೊರಟಿದ್ದ ನೂರಾರು ಜನರಿಗೂ ಸಂಘ ಮತಪತ್ರ ಕಳುಹಿಸಿತ್ತು. ಅವರನ್ನು ಬಿಟ್ಟು ಎಣಿಸಿದರೂ ಫಲಿತಾಂಶ ಬದಲಾಗುತ್ತಿರಲಿಲ್ಲ, ಆದರೂ ಮತದಾನ ಅಸಿಂಧುವಾಯಿತು. ಎರಡನೆಯ ಹೆಜ್ಜೆಯಲ್ಲಿ ಸದಸ್ಯತ್ವ ಪಟ್ಟಿಯ ಬಗ್ಗೆ ಅಷ್ಟು ಹೇಳಿದ್ದು ಇದಕ್ಕೇ. ಮರುಮತದಾನದ ನಂತರ 2010ರ ಮಾರ್ಚ್‌ನಿಂದ ಜೂನ್‌ವರೆಗೆ ಒಟ್ಟು 22 ದಿನ ಮುಷ್ಕರ ನಡೆಯಿತು. ಪಾಲ್ಗೊಂಡವರ ಅಗ್ಗದ ದರದ ವಿಮಾನ ಪ್ರಯಾಣದ ಸವಲತ್ತನ್ನು ಆಡಳಿತ ಕಿತ್ತುಕೊಂಡಿತು. ಆ ಸವಲತ್ತು ಮರಳಬೇಕೆಂಬುದೇ ಮುಂದಿನ ಒಂದು ವರ್ಷದ ದೊಡ್ಡ ಬೇಡಿಕೆಯಾಯಿತು. 2011ರಲ್ಲಿ, ಎರಡೂ ಕಡೆ ಹೊಸ ಮುಖ್ಯಸ್ಥರು ಬಂದ ಮೇಲೆ, ರಾಜಿಯಾಯಿತು. ಮುಷ್ಕರ ಹೂಡುವ ಮುನ್ನವೇ ‘ಪ್ರತೀಕಾರ ಕ್ರಮವಿಲ್ಲ’ ಎಂಬ ಬೇಡಿಕೆಯನ್ನು ಪಟ್ಟಿಗೆ ಸೇರಿಸಿಕೊಳ್ಳಿ.

ನಮ್ಮ ಕಾನೂನು ಮುಷ್ಕರಕ್ಕೆ ಗುಪ್ತ ಮತದಾನ ಕೇಳುವುದಿಲ್ಲ. ಆದರೂ ಮಾಡಿ. ಅಂತಿಮ ಒಪ್ಪಂದಕ್ಕೂ ಮಾಡಿ.

ಎಂಟನೆಯ ಹೆಜ್ಜೆ: ಬರವಣಿಗೆ

ಕ್ಯಾಬಿನ್ ಸಿಬ್ಬಂದಿಯ ಸಂಖ್ಯೆ ಎಷ್ಟಿರಬೇಕೆಂದು ಬ್ರಿಟಿಷ್ ಏರ್‌ವೇಸ್‌ನ ಸಾಮೂಹಿಕ ಒಪ್ಪಂದದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅದನ್ನು ನಂಬಿ ಸಿಬ್ಬಂದಿ ನ್ಯಾಯಾಲಯಕ್ಕೆ ಹೋದರು. 2010ರ ನವೆಂಬರ್‌ನಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಆ ಷರತ್ತು ಒಬ್ಬೊಬ್ಬ ನೌಕರರ ಕರಾರಿನ ಭಾಗವಲ್ಲ, ಅವರು ಅದನ್ನು ಕೋರ್ಟಿನಲ್ಲಿ ಜಾರಿ ಮಾಡಿಸಲಾಗದು ಎಂದಿತು. ಬರೆದಿದ್ದರೆ ಸಾಲದು, ಎಲ್ಲಿ ಮತ್ತು ಹೇಗೆ ಬರೆದಿದೆ ಎಂಬುದೂ ಮುಖ್ಯ.

ನಮ್ಮಲ್ಲಿ ಈ ವಿಷಯದಲ್ಲಿ ಕಾನೂನು ಸ್ವಲ್ಪ ಅನುಕೂಲಕರ. ಖಾಸಗಿಯಾಗಿ ಮಾಡಿಕೊಂಡ ಒಪ್ಪಂದ ಸಹಿ ಹಾಕಿದ ಪಕ್ಷಗಳನ್ನು ಮಾತ್ರ ಕಟ್ಟಿಹಾಕುತ್ತದೆ. ಸಂಧಾನಾಧಿಕಾರಿಯ ಎದುರು ಆದ ಒಪ್ಪಂದ ಸಂಸ್ಥೆಯ ಎಲ್ಲ ಕಾರ್ಮಿಕರಿಗೂ, ಮುಂದೆ ಸೇರುವವರಿಗೂ ಅನ್ವಯಿಸುತ್ತದೆ. ಆದ್ದರಿಂದ ಹೊರಗೆ ಮಾತು ಮುಗಿದರೂ ಅಂತಿಮ ಸಹಿಯನ್ನು ಸಂಧಾನಾಧಿಕಾರಿಯ ಎದುರೇ ಹಾಕಿಸಿ. ಅವಧಿ ಬರೆಯದಿದ್ದರೆ ಒಪ್ಪಂದ ಆರು ತಿಂಗಳದ್ದು, ಆಮೇಲೂ ಯಾವುದಾದರೂ ಪಕ್ಷ 60 ದಿನಗಳ ನೋಟಿಸ್ ಕೊಟ್ಟು ಕೊನೆಗೊಳಿಸುವವರೆಗೆ ಮುಂದುವರಿಯುತ್ತದೆ. ಅಂದರೆ ದಿನಾಂಕವಿಲ್ಲದ ರಿಯಾಯಿತಿ ತಾನಾಗಿ ಸಾಯುವುದಿಲ್ಲ, ನಾವೇ ಎದ್ದು ನೋಟಿಸ್ ಕೊಡಬೇಕು. ‘ಸಾಧ್ಯವಾದಷ್ಟು’, ‘ಪರಿಸ್ಥಿತಿ ಸುಧಾರಿಸಿದಾಗ’, ‘ಆಡಳಿತದ ವಿವೇಚನೆಯಂತೆ’ ಎಂಬ ಪದಗಳು ಕಂಡಲ್ಲೆಲ್ಲ ಕೆಂಪು ಶಾಯಿಯಿಂದ ಹೊಡೆದು ಹಾಕಿ. ‘ಸತತ ಎರಡು ತ್ರೈಮಾಸಿಕಗಳಲ್ಲಿ ಲೆಕ್ಕಪರಿಶೋಧಿತ ಲಾಭ ಬಂದರೆ, ಮುಂದಿನ ತಿಂಗಳ ಒಂದನೇ ತಾರೀಕಿನಿಂದ’ ಎಂಬಂತೆ ಅಳೆಯಬಹುದಾದ ಮಾತು ಬರೆಸಿ.

ಸಹಿಯಾದ ಮೇಲೆ

ಮೂವರ ಚಿಕ್ಕ ತಂಡವನ್ನು ಇದಕ್ಕೆಂದೇ ಇಡಿ. ಒಪ್ಪಂದದ ನಂತರ ಬರುವ ಮೊದಲ ವೇತನ ಚೀಟಿಯನ್ನು, ಲೆಕ್ಕ ಹಾಕಲು ಬಳಸಿದ್ದ ಅದೇ ಮೂರು ಚೀಟಿಗಳ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಲಿ. ಒಪ್ಪಿದ್ದಕ್ಕಿಂತ ಒಂದು ರೂಪಾಯಿ ಹೆಚ್ಚು ಕಡಿತವಾದರೂ ಅದೇ ವಾರ ಪತ್ರ ಹೋಗಲಿ. ಮೂರು ತಿಂಗಳಿಗೊಮ್ಮೆ ಉಳಿತಾಯ ನಿಜವಾಗಿ ಎಷ್ಟಾಯಿತು ಎಂಬ ಲೆಕ್ಕವನ್ನು ಆಡಳಿತದಿಂದ ಕೇಳಿ ಪಡೆಯಲಿ. ರಿಯಾಯಿತಿ ಮುಗಿಯುವ ದಿನಾಂಕವನ್ನು ಸಂಘದ ಕಚೇರಿಯ ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಅದಕ್ಕೆ 90 ದಿನ ಮೊದಲಿನ ದಿನವನ್ನೂ ಗುರುತು ಹಾಕಿ. ಆ ದಿನ ನೆನಪೋಲೆ ಕಳುಹಿಸುವ ಹೊಣೆ ಯಾರದು ಎಂದು ಅಲ್ಲೇ ಹೆಸರು ಬರೆಯಿರಿ. ಅಷ್ಟರಲ್ಲಿ ಸಮಿತಿ ಬದಲಾಗಿರಬಹುದು, ಸಹಿ ಹಾಕಿದವರು ಬೇರೆ ಸಂಸ್ಥೆ ಸೇರಿರಬಹುದು. ಹೊಸದಾಗಿ ಬಂದವರಿಗೆ ಕಡತವನ್ನು ಕೈಗೆ ಕೊಟ್ಟು, ಪುಟ ತಿರುವಿ, ಯಾವ ಸಾಲನ್ನು ಯಾಕೆ ಬರೆಸಿದೆವು ಎಂದು ಕೂತು ಹೇಳಿ.